ಆರು ಚುಕ್ಕಿಗಳ ಗುರು – ಲೂಯಿ ಬ್ರೈಲ್



ಈ ಸಲದ ನಮ್ಮ ಗೋಡೆ ಪತ್ರಿಕೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದಿದ್ದೇವೆ. ಅವರು ರಾಜರಲ್ಲ, ಯುದ್ಧ ಗೆದ್ದವರಲ್ಲ, ಶ್ರೀಮಂತರೂ ಅಲ್ಲ. ಒಂದು ಹಳ್ಳಿಯಲ್ಲಿ ಕುದುರೆ ಜೀನು ಹೊಲಿಯುವವರ ಮಗ. ಮೂರು ವರ್ಷದ ಕೂಸಿದ್ದಾಗ ಆಡುತ್ತಾ ಆಡುತ್ತಾ ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಐದು ವರ್ಷ ತುಂಬುವುದರೊಳಗೆ ಎರಡೂ ಕಣ್ಣು ಹೋದವು. ಆದರೆ ಹದಿನೈದನೇ ವಯಸ್ಸಿಗೆ, ಅಂದರೆ ನಮ್ಮ ಹತ್ತನೇ ತರಗತಿಯ ಅಣ್ಣ ಅಕ್ಕಂದಿರ ವಯಸ್ಸಿಗೆ, ಇಡೀ ಲೋಕದ ಅಂಧರಿಗೆ ಓದುವ ಅಕ್ಷರ ಕೊಟ್ಟರು. ಅವರೇ ಲೂಯಿ ಬ್ರೈಲ್. ಇವರ ಚರಿತ್ರೆ ಓದಿದ ಮೇಲೆ ನಮ್ಮ ಕಣ್ಣಿನ ಬಗ್ಗೆಯೂ ನಾಲ್ಕು ಮಾತು ಇವೆ. ಅದನ್ನು ಬಿಡದೆ ಓದಿರಿ.

ಹುಟ್ಟೂರು ಮತ್ತು ಮನೆತನ

ಲೂಯಿ ಬ್ರೈಲ್ 1809ನೇ ಇಸವಿ ಜನವರಿ 4ರಂದು ಫ್ರಾನ್ಸ್ ದೇಶದ ಕೂಪ್ವ್ರೆ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ಇದು ಪ್ಯಾರಿಸ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿದೆ. ತಂದೆ ಸಿಮೋನ್ ರೆನೆ, ತಾಯಿ ಮೋನಿಕ್. ನಾಲ್ಕು ಮಕ್ಕಳಲ್ಲಿ ಲೂಯಿಯೇ ಕಡೆಯವನು.

ಆಗಿನ್ನೂ ಮೋಟಾರು ಇರಲಿಲ್ಲ. ಹೊಲಕ್ಕೂ ಕುದುರೆ, ಗಾಡಿಗೂ ಕುದುರೆ. ನಮ್ಮ ಕಡೆ ಎತ್ತಿಗೆ ಹಗ್ಗ, ಮಿಣಿ, ಜತಿಗೆ ಬೇಕಾದಂತೆ ಅಲ್ಲಿ ಕುದುರೆಗೆ ಚರ್ಮದ ಜೀನು, ಲಗಾಮು, ಪಟ್ಟಿ ಬೇಕಾಗುತ್ತಿತ್ತು. ಸಿಮೋನ್ ರೆನೆ ಇವನ್ನು ಮಾಡುವುದರಲ್ಲಿ ಹೆಸರಾದವರು. ಮನೆಯಲ್ಲೇ ಅವರ ಕೆಲಸದ ಕೋಣೆ. ಅಲ್ಲಿ ಚರ್ಮ ಕೊಯ್ಯುವ ಚೂರಿ, ಸುತ್ತಿಗೆ, ಚರ್ಮಕ್ಕೆ ತೂತು ಹಾಕುವ ದಬ್ಬಣದಂಥ ಮೊನಚಾದ ಹತಾರಗಳು, ಎಲ್ಲವೂ ಇದ್ದವು. ಸಣ್ಣ ಹುಡುಗರಿಗೆ ಅಪ್ಪನ ಹತಾರ ಅಂದ್ರೆ ಆಟದ ಸಾಮಾನಿಗಿಂತ ಹೆಚ್ಚು ಪ್ರೀತಿ. ಇದು ಫ್ರಾನ್ಸಿನಲ್ಲೂ ಅಷ್ಟೇ, ನಮ್ಮೂರಲ್ಲೂ ಅಷ್ಟೇ.

ಪೆಟ್ಟು ಬಿದ್ದ ದಿನ

1812ರಲ್ಲಿ, ಲೂಯಿಗೆ ಮೂರು ವರ್ಷ ಆಗಿದ್ದಾಗ, ಒಂದು ದಿನ ಅಪ್ಪನ ಕೆಲಸದ ಕೋಣೆಗೆ ಹೊಕ್ಕ. ಅಪ್ಪ ಮಾಡುವುದನ್ನು ದಿನಾ ನೋಡಿದ್ದ. ತಾನೂ ಹಾಗೇ ಮಾಡಬೇಕೆಂದು ಒಂದು ಚರ್ಮದ ತುಂಡು ತಗೊಂಡ. ಮೊನಚಾದ ಹತಾರ ಅದರ ಮೇಲಿಟ್ಟು, ಮುಖ ಹತ್ತಿರ ತಂದು, ಜೋರಾಗಿ ಒತ್ತಿದ. ಚರ್ಮ ಗಟ್ಟಿ, ಕೂಸಿನ ಕೈ ಮೆತ್ತಗೆ. ಹತಾರ ಜಾರಿ ನೇರ ಕಣ್ಣಿಗೆ ಚುಚ್ಚಿತು.

ತಂದೆತಾಯಿ ಸುಮ್ಮನೆ ಕೂರಲಿಲ್ಲ. ಊರಿನ ವೈದ್ಯರಿಂದ ಪಟ್ಟಿ ಕಟ್ಟಿಸಿದರು. ಪ್ಯಾರಿಸಿನ ಶಸ್ತ್ರವೈದ್ಯರಿಗೂ ತೋರಿಸಿದರು. ಆದರೂ ಕಣ್ಣು ಉಳಿಯಲಿಲ್ಲ. ಗಾಯ ಕೀವಾಯಿತು. ಕೆಲವು ವಾರ ಬಿಟ್ಟು ಪೆಟ್ಟೇ ಬೀಳದ ಇನ್ನೊಂದು ಕಣ್ಣೂ ಕೆಂಪಾಗಿ ಮಸುಕಾಗತೊಡಗಿತು. ಐದನೇ ವಯಸ್ಸಿಗೆ ಲೂಯಿಗೆ ಪೂರ್ತಿ ಕತ್ತಲೆ. ಅಷ್ಟು ಸಣ್ಣ ವಯಸ್ಸಿನಲ್ಲಿ ಏನಾಗಿದೆ ಅಂತ ಅವನಿಗೇ ತಿಳಿಯಲಿಲ್ಲ.

ಒಂದು ಕಣ್ಣಿಗೆ ಪೆಟ್ಟು, ಎರಡೂ ಕಣ್ಣು ಯಾಕೆ ಹೋದವು?

ಇದು ಎಲ್ಲರಿಗೂ ಬರುವ ಪ್ರಶ್ನೆ. ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಒಂದು ಕಾವಲು ಪಡೆ ಇದೆ. ಕಣ್ಣಿನ ಒಳಗಿನ ಪದರಗಳು ಸಾಮಾನ್ಯವಾಗಿ ಈ ಪಡೆಗೆ ಕಾಣದಂತೆ ಮುಚ್ಚಿಕೊಂಡಿರುತ್ತವೆ. ಕಣ್ಣುಗುಡ್ಡೆ ಹರಿದು ಆ ಪದರ ಹೊರಬಿದ್ದಾಗ ಕಾವಲು ಪಡೆ ಅದನ್ನು ಹೊರಗಿನ ಶತ್ರು ಅಂತ ತಿಳಿಯುತ್ತದೆ. ಆಮೇಲೆ ಅದೇ ತರಹದ ಪದರ ಇರುವ ಒಳ್ಳೆಯ ಕಣ್ಣಿನ ಮೇಲೂ ದಾಳಿ ಮಾಡುತ್ತದೆ. ಇದು ಪೆಟ್ಟಾದ ಕೆಲವು ವಾರಕ್ಕೂ ಆಗಬಹುದು, ತಿಂಗಳುಗಟ್ಟಲೆ ಬಿಟ್ಟೂ ಆಗಬಹುದು. ಲೂಯಿಗೆ ಆದದ್ದು ಇದೇ ಇರಬೇಕೆಂದು ಇಂದಿನ ಅನೇಕ ಕಣ್ಣಿನ ಡಾಕ್ಟರರು ಹೇಳುತ್ತಾರೆ. ಗಾಯದ ನಂಜೂ ಸೇರಿಕೊಂಡಿತ್ತು.

1812ರಲ್ಲಿ ರೋಗಾಣುಗಳಿಂದ ಗಾಯ ಕೀವಾಗುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಪೆನ್ಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ನೋವು ಗೊತ್ತಾಗದಂತೆ ಮಾಡಿ ಶಸ್ತ್ರಕ್ರಿಯೆ ಮಾಡುವ ಪದ್ಧತಿ ಬಂದದ್ದು 1846ರ ಸುಮಾರಿಗೆ. ಆದ್ದರಿಂದ ಆ ತಂದೆತಾಯಿಯನ್ನಾಗಲಿ, ಆ ವೈದ್ಯರನ್ನಾಗಲಿ ದೂರುವಂತಿಲ್ಲ. ಈಗ ಹಾಗಲ್ಲ. ಹರಿದ ಕಣ್ಣನ್ನು ಸೂಕ್ಷ್ಮ ದಾರದಿಂದ ಹೊಲಿಯುತ್ತಾರೆ, ನಂಜಿಗೆ ಔಷಧ ಇದೆ, ಎರಡನೇ ಕಣ್ಣಿನ ಉರಿಗೂ ಔಷಧ ಇದೆ. ಬೇಗ ಹೋಗಬೇಕು, ಅಷ್ಟೇ.

ಹಳ್ಳಿ ಶಾಲೆಯ ಬಾಗಿಲು ತೆರೆಯಿತು

ಆ ಕಾಲದಲ್ಲಿ ಅಂಧ ಮಕ್ಕಳಿಗೆ ಭಿಕ್ಷೆ ಬೇಡುವುದೊಂದೇ ದಾರಿ ಎನ್ನುವಂತಿತ್ತು. ಆದರೆ ಲೂಯಿಯ ಮನೆಯವರು ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆ ಕೋಲು ಮಾಡಿಕೊಟ್ಟರು. ಕೋಲು ಊರುತ್ತಾ ಊರಿನ ಓಣಿ, ಹೊಲದ ದಾರಿ ಎಲ್ಲ ತಿರುಗಲು ಲೂಯಿ ಕಲಿತ. ಊರಿನ ಪಾದ್ರಿ ಪಲ್ಲೂಯಿ ಅವನನ್ನು ಹತ್ತಿರ ಕೂರಿಸಿಕೊಂಡು ಪಾಠ ಹೇಳಿದರು. ಆಮೇಲೆ ಊರಿನ ಶಾಲೆಯ ಮಾಸ್ತರ ಬೆಷೆರೆ ಅವನನ್ನು ಎಲ್ಲ ಮಕ್ಕಳ ಜೊತೆ ತರಗತಿಯಲ್ಲಿ ಸೇರಿಸಿಕೊಂಡರು. ಕಣ್ಣಿಲ್ಲದ ಹುಡುಗ ಕೇಳಿ ಕೇಳಿಯೇ ಕಲಿತು ತರಗತಿಯಲ್ಲಿ ಮುಂದೆ ಬಂದ.

ಇಲ್ಲಿ ಒಂದು ಮಾತು ನೆನಪಿಡಬೇಕು. ಆ ಹಳ್ಳಿ ಮಾಸ್ತರರು ಹುಡುಗನನ್ನು ಮನೆಗೆ ಕಳಿಸಿದ್ದರೆ ಇಂದು ಬ್ರೈಲ್ ಲಿಪಿಯೇ ಇರುತ್ತಿರಲಿಲ್ಲವೇನೋ. ನಮ್ಮ ದೇಶದಲ್ಲಿ 2016ರ ಕಾನೂನಿನಂತೆ ಅಂಗವಿಕಲ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಬೆಷೆರೆ ಮಾಸ್ತರರು ಯಾವ ಕಾನೂನೂ ಇಲ್ಲದಾಗ ಅದನ್ನು ಮಾಡಿದರು.

ಪ್ಯಾರಿಸಿನ ಅಂಧರ ಶಾಲೆ

1819ರಲ್ಲಿ, ಹತ್ತು ವರ್ಷದ ಲೂಯಿ ಪ್ಯಾರಿಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಇದನ್ನು 1785ರಲ್ಲಿ ವ್ಯಾಲೆಂಟಿನ್ ಹೌಯಿ ಎಂಬ ದಯಾವಂತರು ಸ್ಥಾಪಿಸಿದ್ದರು. ಕಟ್ಟಡ ಹಳೆಯದು, ಒಳಗೆ ಬಿಸಿಲು ಬೀಳದು, ಗೋಡೆಯೆಲ್ಲ ತಂಪು. ಅಲ್ಲಿ ಬಹಳ ಮಕ್ಕಳಿಗೆ ಕೆಮ್ಮು, ಕ್ಷಯ.

ಆ ಶಾಲೆಯಲ್ಲಿ ಪುಸ್ತಕಗಳು ಇದ್ದವು. ಹೇಗಿದ್ದವು ಗೊತ್ತೇ? ನಾವು ಓದುವ ಅಕ್ಷರಗಳನ್ನೇ ದೊಡ್ಡದಾಗಿ ಕಾಗದದ ಮೇಲೆ ಉಬ್ಬಿಸಿ ಒತ್ತಿದ್ದರು. ಮಕ್ಕಳು ಒಂದೊಂದೇ ಅಕ್ಷರದ ಸುತ್ತ ಬೆರಳಾಡಿಸಿ ಗುರುತು ಹಿಡಿಯಬೇಕು. ಸಾಲಿನ ಕೊನೆಗೆ ಬರುವುದರೊಳಗೆ ಮೊದಲಿನ ಶಬ್ದ ಮರೆತು ಹೋಗುತ್ತಿತ್ತು. ಪುಸ್ತಕ ಎತ್ತಲಾರದಷ್ಟು ಭಾರ, ಮಾಡಿಸಲು ಖರ್ಚೂ ಬಹಳ. ಎಲ್ಲಕ್ಕಿಂತ ದೊಡ್ಡ ಕೊರತೆ ಏನಂದ್ರೆ, ಆ ಅಕ್ಷರಗಳನ್ನು ಮಕ್ಕಳು ತಾವೇ ಬರೆಯಲು ಬರುತ್ತಿರಲಿಲ್ಲ. ಕಣ್ಣಿದ್ದವರು ಮಾಡಿಕೊಟ್ಟದ್ದನ್ನು ಮುಟ್ಟಬಹುದು, ಮನೆಗೆ ಒಂದು ಪತ್ರ ಬರೆಯಲಾಗದು.

ಹನ್ನೆರಡು ಚುಕ್ಕಿ ಆರಾಯಿತು

1821ರಲ್ಲಿ ಷಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯ ಹೊಸ ಬರವಣಿಗೆ ಆ ಶಾಲೆಗೆ ಬಂತು. ಅದರಲ್ಲಿ ಗೆರೆ ಇಲ್ಲ, ಬರೀ ಉಬ್ಬು ಚುಕ್ಕಿ. ದಪ್ಪ ಕಾಗದದ ಮೇಲೆ ಮೊನೆಯಿಂದ ಒತ್ತಿದರೆ ಹಿಂದಿನ ಬದಿಗೆ ಚುಕ್ಕಿ ಏಳುತ್ತದೆ. ಬೆರಳಿಗೆ ಗೆರೆಗಿಂತ ಚುಕ್ಕಿ ಬೇಗ ತಿಳಿಯುತ್ತದೆ ಎಂಬುದನ್ನು ಮಕ್ಕಳು ಆಗಲೇ ಕಂಡುಕೊಂಡರು.

ಆದರೆ ಅದರಲ್ಲಿ ತೊಡಕು ಇತ್ತು. ಒಂದು ಮನೆಗೆ ಹನ್ನೆರಡು ಚುಕ್ಕಿಗಳು, ಉದ್ದಕ್ಕೆ ಆರು, ಅಡ್ಡಕ್ಕೆ ಎರಡು. ಬೆರಳ ತುದಿಗೆ ಒಮ್ಮೆಲೇ ಸಿಗುವುದಿಲ್ಲ, ಮೇಲೆ ಕೆಳಗೆ ಆಡಿಸಬೇಕು. ಅದು ಉಚ್ಚಾರವನ್ನು ತೋರಿಸುತ್ತಿತ್ತೇ ಹೊರತು ಕಾಗುಣಿತವನ್ನಲ್ಲ. ಪೂರ್ಣವಿರಾಮ, ಅಂಕಿ, ಸಂಗೀತದ ಗುರುತು ಯಾವುದೂ ಇರಲಿಲ್ಲ.

ಲೂಯಿ ಇದನ್ನು ಹಿಡಿದು ಕೂತ. ಹಗಲು ಪಾಠ, ರಾತ್ರಿ ಚುಕ್ಕಿ. ರಜೆಗೆ ಊರಿಗೆ ಬಂದರೂ ಅದೇ ಧ್ಯಾನ. ಕಡೆಗೆ 1824ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಹನ್ನೆರಡನ್ನು ಆರು ಮಾಡಿದ. ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು. ಇಡೀ ಮನೆ ಒಂದೇ ಬೆರಳ ತುದಿಯ ಕೆಳಗೆ ಕೂರುತ್ತದೆ. ಆರೇ ಚುಕ್ಕಿಗಳಾದರೂ ಬೇರೆ ಬೇರೆ ರೀತಿ ಇಟ್ಟರೆ 63 ಗುರುತುಗಳು ಆಗುತ್ತವೆ. ಗಣಿತ ಬಲ್ಲವರು ಲೆಕ್ಕ ಹಾಕಿ ನೋಡ್ರಿ. ಅಕ್ಷರ, ಅಂಕಿ, ವಿರಾಮ ಚಿಹ್ನೆ, ಸಂಗೀತ, ಎಲ್ಲ ಅದರಲ್ಲೇ.

ಇನ್ನೊಂದು ಸಂಗತಿ. ಈ ಚುಕ್ಕಿ ಬರೆಯಲು ಬೇಕಾದದ್ದು ಒಂದು ಮೊನಚಾದ ಮೊಳೆಯಂಥ ಹತಾರ. ಅಪ್ಪನ ಕೋಣೆಯಲ್ಲಿ ಕಣ್ಣು ಚುಚ್ಚಿದ್ದೂ ಅಂಥದ್ದೇ ಹತಾರ. ಬರೆಯುವಾಗ ಕಾಗದದ ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಒತ್ತುತ್ತಾ ಹೋಗಬೇಕು. ತಿರುಗಿಸಿದರೆ ಎಡದಿಂದ ಬಲಕ್ಕೆ ಓದಬಹುದು.

ಮಾಸ್ತರರಾದರು

ಓದಿದ ಶಾಲೆಯಲ್ಲೇ ಲೂಯಿ ಸಹಾಯಕರಾಗಿ, 1833ರಲ್ಲಿ ಪೂರ್ಣ ಶಿಕ್ಷಕರಾದರು. ಇತಿಹಾಸ, ರೇಖಾಗಣಿತ, ಬೀಜಗಣಿತ ಕಲಿಸಿದರು. ಸಂಗೀತದಲ್ಲೂ ನಿಪುಣರು. ಪ್ಯಾರಿಸಿನ ಚರ್ಚಿನಲ್ಲಿ ಆರ್ಗನ್ ಎಂಬ ದೊಡ್ಡ ವಾದ್ಯ ನುಡಿಸುತ್ತಿದ್ದರು. 1829ರಲ್ಲಿ ತಮ್ಮ ಲಿಪಿಯ ಪುಸ್ತಕ ಹೊರತಂದರು, 1837ರಲ್ಲಿ ಅದನ್ನು ತಿದ್ದಿ ಇನ್ನೂ ಸುಲಭ ಮಾಡಿದರು. ಕಣ್ಣಿದ್ದವರೂ ಅಂಧರ ಪತ್ರ ಓದುವಂತಾಗಲಿ ಎಂದು 1839ರಲ್ಲಿ ಬೇರೊಂದು ಚುಕ್ಕಿ ಬರಹವನ್ನೂ ಮಾಡಿದರು. ಫೂಕೋ ಎಂಬ ಅಂಧ ಗೆಳೆಯರು ಅದಕ್ಕೆ ಒಂದು ಯಂತ್ರವನ್ನೇ ಕಟ್ಟಿಕೊಟ್ಟರು.

ಒಳ್ಳೆಯದಕ್ಕೂ ವಿರೋಧ

ಮಕ್ಕಳಿಗೆ ಆರು ಚುಕ್ಕಿ ಅಂದ್ರೆ ಪ್ರಾಣ. ಆದರೆ ದೊಡ್ಡವರು ಒಪ್ಪಲಿಲ್ಲ. ಕಣ್ಣಿದ್ದ ಶಿಕ್ಷಕರಿಗೆ ಆ ಚುಕ್ಕಿ ಓದಲು ಬರುತ್ತಿರಲಿಲ್ಲ. ಅಂಧರಿಗೇ ಬೇರೆ ಲಿಪಿ ಮಾಡಿದರೆ ಅವರು ಸಮಾಜದಿಂದ ಬೇರೆಯಾಗುತ್ತಾರೆಂದು ವಾದಿಸಿದರು. 1840ರಲ್ಲಿ ಶಾಲೆಗೆ ಹೊಸ ಮುಖ್ಯಸ್ಥರಾಗಿ ಬಂದ ದುಫೋ ಎಂಬವರು ಈ ಲಿಪಿಯನ್ನು ನಿಲ್ಲಿಸಿದರು. ಪುಸ್ತಕಗಳನ್ನು ಸುಡಿಸಿದರೆಂದೂ ಹೇಳುತ್ತಾರೆ. ಆದರೆ ಬೆರಳಿಗೆ ಹತ್ತಿದ ಅಕ್ಷರ ಬಿಡುತ್ತದೆಯೇ? ಮಕ್ಕಳು ಕದ್ದುಮುಚ್ಚಿ ಬರೆಯುತ್ತಲೇ ಇದ್ದರು. ಕಡೆಗೆ 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆ ಆದಾಗ, ಗ್ವಾದೆ ಎಂಬ ಶಿಕ್ಷಕರ ಪ್ರಯತ್ನದಿಂದ, ಸಭೆಯ ಮುಂದೆ ಮಕ್ಕಳು ಬರೆದು ಓದಿ ತೋರಿಸಿದರು. ಜನ ಬೆರಗಾದರು. ಲಿಪಿಗೆ ಮತ್ತೆ ಜೀವ ಬಂತು.

ಕೊನೆಯ ದಿನಗಳು

ಅಷ್ಟರಲ್ಲಿ ಲೂಯಿಯವರ ಎದೆಗೆ ಕ್ಷಯರೋಗ ಹತ್ತಿತ್ತು. ಅದಕ್ಕೂ ಆಗ ಔಷಧ ಇರಲಿಲ್ಲ. ಪಾಠ ಬಿಡಬೇಕಾಯಿತು, ಧ್ವನಿಯೂ ಕುಗ್ಗಿತು. 1852ರ ಜನವರಿ 6ರಂದು, 43 ವರ್ಷ ತುಂಬಿದ ಎರಡೇ ದಿನಕ್ಕೆ, ಅವರು ತೀರಿಕೊಂಡರು. ಹುಟ್ಟೂರಿನಲ್ಲೇ ಮಣ್ಣು ಮಾಡಿದರು. ಫ್ರಾನ್ಸ್ ತನ್ನ ಅಂಧರ ಶಾಲೆಗೆ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅಂದರೆ ಅವರು ಸತ್ತ ಎರಡು ವರ್ಷಕ್ಕೆ. ನೂರು ವರ್ಷದ ಮೇಲೆ, 1952ರಲ್ಲಿ, ಅವರ ಅಸ್ಥಿಯನ್ನು ಪ್ಯಾರಿಸಿನಲ್ಲಿ ದೇಶದ ಮಹಾಪುರುಷರ ಸಮಾಧಿ ಇರುವ ಪ್ಯಾಂಥಿಯನ್ ಭವನಕ್ಕೆ ಗೌರವದಿಂದ ಒಯ್ದರು. ಅವರ ಕೈಗಳನ್ನು ಮಾತ್ರ ಹುಟ್ಟೂರಿನವರು ಬಿಟ್ಟುಕೊಡದೆ ಅಲ್ಲೇ ಒಂದು ಪಾತ್ರೆಯಲ್ಲಿ ಇಟ್ಟುಕೊಂಡಿದ್ದಾರೆ.

ಕನ್ನಡಕ್ಕೂ ಬಂತು

ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ಶುರುವಾಯಿತು. ಮೊದಲು ನಮ್ಮ ದೇಶದಲ್ಲಿ ಒಂದೊಂದು ಕಡೆ ಒಂದೊಂದು ತರಹದ ಬ್ರೈಲ್ ಇತ್ತು. 1951ರಲ್ಲಿ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಬಂತು. ಹಿಂದಿಯ ಕ, ಕನ್ನಡದ ಕ, ತಮಿಳಿನ ಕ, ಕಣ್ಣಿಗೆ ಬೇರೆ ಬೇರೆ. ಬೆರಳಿಗೆ ಮಾತ್ರ ಒಂದೇ! 2009ರಲ್ಲಿ ಲೂಯಿ ಬ್ರೈಲ್ ಹುಟ್ಟಿ 200 ವರ್ಷ ಆದಾಗ ಭಾರತ ಸರ್ಕಾರ ಅವರ ನೆನಪಿಗೆ ಎರಡು ರೂಪಾಯಿ ನಾಣ್ಯ ಹೊರಡಿಸಿತು.

ನೀವೇ ಮಾಡಿ ನೋಡಿ: ಎಡಗಡೆ ಮೇಲಿನಿಂದ ಕೆಳಗೆ 1, 2, 3. ಬಲಗಡೆ ಮೇಲಿನಿಂದ ಕೆಳಗೆ 4, 5, 6. ಇವು ಆರು ಚುಕ್ಕಿಯ ನಂಬರು. ದಪ್ಪ ರಟ್ಟಿನ ಮೇಲೆ ತೊಗರಿಬೇಳೆ ಅಂಟಿಸಿ ಬರೆಯಬಹುದು.
ಕ – 1, 3
ಮ – 1, 3, 4
ಲ – 1, 2, 3
ಮೂರನ್ನೂ ಸಾಲಾಗಿ ಇಟ್ಟರೆ ಕಮಲ ಆಯಿತು. ಈಗ ಕಣ್ಣು ಮುಚ್ಚಿ ಬೆರಳಿನಿಂದ ಓದಿರಿ. ಎಷ್ಟು ಕಷ್ಟ, ಅದನ್ನು ಕಲಿತವರು ಎಷ್ಟು ಜಾಣರು ಅಂತ ತಿಳಿಯುತ್ತದೆ.

ನಮ್ಮ ಕಣ್ಣಿಗೆ ಎಲ್ಲೆಲ್ಲಿ ಅಪಾಯ?

ಲೂಯಿಗೆ ಆದ ಪೆಟ್ಟು ಹಳೆಯ ಕಾಲದ ಕಥೆ ಅಲ್ಲ. ಲೋಕದಲ್ಲಿ ವರ್ಷಕ್ಕೆ ಸುಮಾರು 5 ಕೋಟಿ 50 ಲಕ್ಷ ಜನರಿಗೆ ಒಂದು ದಿನವಾದರೂ ಕೆಲಸ ನಿಲ್ಲಿಸುವಂಥ ಕಣ್ಣಿನ ಪೆಟ್ಟು ಆಗುತ್ತದೆಂದು 1998ರಲ್ಲಿ ತಜ್ಞರು ಅಂದಾಜು ಮಾಡಿದ್ದರು. ಪೆಟ್ಟಿನಿಂದ ಒಂದು ಕಣ್ಣು ಕಳೆದುಕೊಂಡವರು ಆಗಲೇ ಸುಮಾರು 1 ಕೋಟಿ 90 ಲಕ್ಷ. ಇದರಲ್ಲಿ ಹುಡುಗಿಯರಿಗಿಂತ ಹುಡುಗರು, ಹೆಂಗಸರಿಗಿಂತ ಗಂಡಸರು ಹೆಚ್ಚು. ಮಕ್ಕಳಿಗೆ ಆಟದಲ್ಲಿ ಮತ್ತು ಮನೆಯಲ್ಲಿ, ದೊಡ್ಡವರಿಗೆ ದುಡಿಮೆಯಲ್ಲಿ ಪೆಟ್ಟಾಗುತ್ತದೆ. ಸುಗ್ಗಿಯಲ್ಲೂ ಹಬ್ಬದಲ್ಲೂ ಜಾಸ್ತಿ.

ಹೊಲ: ಭತ್ತದ ತೆನೆ, ಗೋವಿನಜೋಳದ ಗರಿ, ಬೇಲಿಯ ಮುಳ್ಳು, ರಾಶಿಯ ಹೊಟ್ಟು. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಎಲೆ ಗೀರಿದರೆ ಸಣ್ಣದು ಅಂತ ಬಿಡುತ್ತಾರೆ. ಆದರೆ ಗಿಡ, ಮಣ್ಣಿನಲ್ಲಿರುವ ಬೂಷ್ಟಿನ ಜಾತಿಯ ರೋಗಾಣು ಆ ಗೀರಿನಲ್ಲಿ ಬೆಳೆದು ಹುಣ್ಣಾಗುತ್ತದೆ. ಆಮೇಲೆ ಬಿಳಿ ಕಲೆ ನಿಂತು ನೋಟ ಹೋಗುತ್ತದೆ. ಎತ್ತಿನ ಕೊಂಬಿನ ತಿವಿತವೂ ಇದೆ.

ಆಟ: ಚಿಣಿಪಣಿಯ ಚಿಣಿ, ಕ್ರಿಕೆಟ್ ಚೆಂಡು, ಕ್ಯಾಟರ್‌ಬಿಲ್ಲಿನ ಕಲ್ಲು, ಕಸಬರಿಗೆ ಕಡ್ಡಿಯ ಬಾಣ. ಮಾವಿನಕಾಯಿಗೆ ಒಗೆದ ಕಲ್ಲು ಕಾಯಿಗೆ ಬೀಳದೆ ಕೆಳಗಿದ್ದವರ ಮುಖಕ್ಕೆ ಬೀಳುವುದೂ ಉಂಟು. ಚೆಂಡು ಬಡಿದಾಗ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಇಳಿದಿರಬಹುದು.

ಶಾಲೆ: ಕೈವಾರ, ಚೂಪು ಪೆನ್ಸಿಲು ಹಿಡಿದು ಓಡುವುದು, ಒಬ್ಬರ ಮೇಲೊಬ್ಬರು ಎಸೆಯುವುದು.

ಮನೆ: ಎಲೆ ಅಡಿಕೆಯ ಸುಣ್ಣ. ಸುಣ್ಣದ ಪ್ಯಾಕೆಟ್ಟು ಹಿಚುಕಿ ಆಡುವಾಗ ಸಿಡಿದು ಕಣ್ಣಿಗೆ ಬಿದ್ದರೆ ಅದು ಒಳಗೊಳಗೇ ಸುಡುತ್ತಾ ಹೋಗುತ್ತದೆ. ಕಟ್ಟಿಗೆ ಒಡೆಯುವಾಗ ಹಾರುವ ಚಕ್ಕೆಯೂ ಅಪಾಯವೇ.

ಕೆಲಸ ಮತ್ತು ಹಬ್ಬ: ಕಬ್ಬಿಣ ಬಡಿಯುವಾಗ ಸಿಡಿಯುವ ಚೂರು, ವೆಲ್ಡಿಂಗ್ ಕಿಡಿ, ದೀಪಾವಳಿಯ ಪಟಾಕಿ. ಪಟಾಕಿ ಹಚ್ಚಿದವರಿಗಷ್ಟೇ ಅಲ್ಲ, ಬದಿಗೆ ನಿಂತು ನೋಡುವವರಿಗೂ ಸಿಡಿಯುತ್ತದೆ.

ಪೆಟ್ಟಾದರೆ ಏನು ಮಾಡಬೇಕು?

1. ಕಣ್ಣು ಉಜ್ಜಬಾರದು, ಒತ್ತಬಾರದು.
2. ಸುಣ್ಣ, ಆಸಿಡ್, ಕೀಟನಾಶಕ ಬಿದ್ದರೆ ಒಂದು ಕ್ಷಣವೂ ತಡ ಮಾಡದೆ ಸ್ವಚ್ಛ ನೀರಿನಿಂದ ತೊಳೆಯಬೇಕು. ಕಣ್ಣು ಅಗಲಿಸಿ ಹಿಡಿದು, ಕಡಿಮೆ ಅಂದರೂ 15ರಿಂದ 30 ನಿಮಿಷ ನೀರು ಹಾಕುತ್ತಲೇ ಇರಬೇಕು. ಆಮೇಲೆ ಆಸ್ಪತ್ರೆ.
3. ಏನಾದರೂ ಚುಚ್ಚಿದ್ದರೆ ಕೀಳಬಾರದು, ನೀರೂ ಹಾಕಬಾರದು. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ಅಂಟುಪಟ್ಟಿಯಿಂದ ನಿಲ್ಲಿಸಿ, ಹಾಗೇ ಕರೆದೊಯ್ಯಬೇಕು.
4. ಎದೆಹಾಲು, ಹರಳೆಣ್ಣೆ, ತುಪ್ಪ, ಸೊಪ್ಪಿನ ರಸ ಯಾವುದನ್ನೂ ಬಿಡಬಾರದು. ನಾಲಿಗೆಯಿಂದ ಕಸ ತೆಗೆಸಬಾರದು. ಅಂಗಡಿಯಿಂದ ತಾವೇ ಡ್ರಾಪ್ಸ್ ತಂದು ಹಾಕಬಾರದು.
5. ಅದೇ ದಿನ ಕಣ್ಣಿನ ಡಾಕ್ಟರರಿಗೆ ತೋರಿಸಬೇಕು. ಮುಂಡಗೋಡದ ಆಸ್ಪತ್ರೆಗೆ ಹೋದರೆ ಅವರೇ ಹುಬ್ಬಳ್ಳಿಗೆ ಹೋಗಬೇಕೋ ಬೇಡವೋ ಹೇಳುತ್ತಾರೆ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಬಹುದು.
6. ಒಂದು ಕಣ್ಣು ವಾಸಿಯಾದ ಮೇಲೂ ಇನ್ನೊಂದು ಕಣ್ಣು ಕೆಂಪಾದರೆ, ಬೆಳಕು ನೋಡಲಾಗದಿದ್ದರೆ, ಮಸುಕಾದರೆ ಮತ್ತೆ ತೋರಿಸಬೇಕು.

ಎಲ್ಲಕ್ಕಿಂತ ಮುಖ್ಯ ಒಂದಿದೆ. ನಾವು ಮಕ್ಕಳು ಬೈತಾರೆ, ಹೊಡೀತಾರೆ ಅಂತ ಹೆದರಿ ಪೆಟ್ಟನ್ನು ಮುಚ್ಚಿಡುತ್ತೇವೆ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಮಸುಕಾದದ್ದು ನಮಗೂ ಗೊತ್ತಾಗುವುದಿಲ್ಲ. ಒಂದೊಂದೇ ಕಣ್ಣು ಕೈಯಿಂದ ಮುಚ್ಚಿ ಹಲಗೆಯ ಅಕ್ಷರ ನೋಡಿರಿ, ವ್ಯತ್ಯಾಸ ಇದ್ದರೆ ಗುರುಗಳಿಗೆ ಹೇಳಿರಿ. ಹಿರಿಯರಲ್ಲಿಯೂ ನಮ್ಮ ವಿನಂತಿ ಇಷ್ಟೇ: ಕಣ್ಣಿಗೆ ಪೆಟ್ಟಾಯಿತು ಅಂತ ಮಗು ಬಂದು ಹೇಳಿದರೆ ಮೊದಲು ಆಸ್ಪತ್ರೆ, ಬೈಗುಳ ಆಮೇಲೆ.

ಲೂಯಿ ಬ್ರೈಲ್ ಅವರಿಗೆ ಔಷಧ ಸಿಗಲಿಲ್ಲ, ಆದರೆ ಶಾಲೆ ಸಿಕ್ಕಿತು. ನಮಗೆ ಎರಡೂ ಇವೆ. 2019ರಿಂದ ಅವರ ಹುಟ್ಟಿದ ದಿನ ಜನವರಿ 4ನ್ನು ವಿಶ್ವಸಂಸ್ಥೆ ವಿಶ್ವ ಬ್ರೈಲ್ ದಿನವಾಗಿ ಆಚರಿಸುತ್ತದೆ. ಅಂದು ನಮ್ಮ ಶಾಲೆಯಲ್ಲೂ ಬೇಳೆ ಚುಕ್ಕಿಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ಬರೆದು ಈ ಗೋಡೆಗೆ ಅಂಟಿಸೋಣ. ಕಣ್ಣು ಕಾಣದವರು ಯಾರಾದರೂ ನಮ್ಮ ಶಾಲೆಗೆ ಬಂದರೆ ಅವರೂ ಈ ಗೋಡೆ ಪತ್ರಿಕೆಯನ್ನು ಓದಲಿ.